ಬೀಗರನ್ನು ಎದುರುಗೊಳ್ಳುವ ಹಾಡು

ಮೈಕ್ ಸೆಟ್ಟಿನ ಕೆಲಸವೆಂದರೆ ಜೋರಾಗಿ ಸದ್ದು ಮಾಡಿಸುವುದು ಎಂದು ತಿಳಿದು ಈ ಕಸುಬಿಗೆ ಬರುವ ಹುಡುಗರಿಗೆ ನಾನು ಒಳ್ಳೆಯ ಮಾತು ಹೇಳುವುದಿಲ್ಲ. ನನ್ನ ಸ್ವಭಾವವೇ ಹಾಗೆ. ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಬೀರುವಿನಷ್ಟು ಎತ್ತರದ ಸ್ಪೀಕರ್ ಡಬ್ಬಗಳನ್ನು ಮನೆಯ ಮುಂದೆ ಇಳಿಸಿಕೊಂಡು, "ತಾತ, ಎಷ್ಟು ವ್ಯಾಟ್ಸ್ ಐತೆ ಗೊತ್ತಾ?" ಎಂದು ಕೇಳಿದ. ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದೆ. ಅವನ ಮುಖ ಸಣ್ಣದಾಯಿತು. ಪಾಪ ಅನ್ನಿಸಿ ಜಗಲಿಯ ಮೇಲೆ ಕೂರಿಸಿಕೊಂಡು ಒಂದಿಷ್ಟು ಹೇಳಿದೆ. ಅವನಿಗೆ ಹೇಳಿದ್ದನ್ನೂ, ಹೇಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ತಿಪ್ಪೇಸ್ವಾಮಿ. ಚಿತ್ರದುರ್ಗದ ಸಂತೆಪೇಟೆಯಲ್ಲಿದ್ದ ಮಹಾರುದ್ರಪ್ಪನವರ ಮೈಕ್ ಸೆಟ್ ಅಂಗಡಿಯಲ್ಲಿ ಆಪರೇಟರ್ ಆಗಿದ್ದವನು. ಎಪ್ಪತ್ತರ ದಶಕ ಶುರುವಾಗುವಾಗ ಸೇರಿದೆ, ಮಂಡಿನೋವು ಹೆಚ್ಚಾಗಿ ಮರ ಹತ್ತಲು ಆಗದಿದ್ದಾಗ ಬಿಟ್ಟೆ. ಮೈಕಿನವನು ಮರ ಏಕೆ ಹತ್ತಬೇಕು ಎಂದು ಈಗಿನವರು ಕೇಳಬಹುದು. ಆಗ ಡಬ್ಬಗಳಿರಲಿಲ್ಲ, ಹಾರ್ನ್ ಇತ್ತು. ಉಮ್ಮತ್ತಿ ಹೂವಿನ ಆಕಾರದ ಆ ತಗಡಿನ ಹಾರ್ನನ್ನು ಹೆಗಲಿಗೆ ಹಾಕಿಕೊಂಡು ತೆಂಗಿನ ಮರವನ್ನೋ ಬೇವಿನ ಮರವನ್ನೋ ಹತ್ತಿ, ಗಾಳಿ ಬೀಸುವ ಕಡೆ ನೋಡಿಕೊಂಡು ಕಟ್ಟಬೇಕಿತ್ತು. ಕೆಳಗೆ ಆಂಪ್ಲಿಫಯರ್, ಕಾರಿನ ಬ್ಯಾಟರಿ, ರೆಕಾರ್ಡ್ ಪ್ಲೇಯರ್, ರೆಕಾರ್ಡಿನ ಪೆಟ್ಟಿಗೆ. ಇಷ್ಟನ್ನೂ ಬಸ್ಸಿನ ಟಾಪಿಗೆ ಏರಿಸಿ, ಕಂಡಕ್ಟರನ ಬೈಗುಳ ಕೇಳಿಸಿಕೊಂಡು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತುತ್ತಿದ್ದೆವು. ಮದುವೆ, ಹರಿಕಥೆ, ನಾಟಕ, ಚುನಾವಣೆ ಭಾಷಣ, ಎಲ್ಲಕ್ಕೂ ಅದೇ ಎರಡು ಹಾರ್ನ್.

ಮಹಾರುದ್ರಪ್ಪನವರು ತೆಳ್ಳಗಿನ ಆಳು. ಹಣೆಗೆ ವಿಭೂತಿ, ಬಿಳಿ ಅಂಗಿ, ಬಿಳಿ ಪಂಚೆ. ಮಾತು ಎಷ್ಟು ಮೆತ್ತಗೆಂದರೆ ಪಕ್ಕದಲ್ಲಿ ಕೂತವರೂ ಬಗ್ಗಿ ಕೇಳಬೇಕು. ಇಂಥ ಮನುಷ್ಯ ಮೈಕ್ ಅಂಗಡಿ ಇಟ್ಟದ್ದು ಪೇಟೆಯವರಿಗೆಲ್ಲ ತಮಾಷೆ. "ಏನಪ್ಪ ರುದ್ರಣ್ಣ, ಮನ್ಯಾಗೂ ಒಂದು ಮೈಕ್ ಇಟ್ಕಳಪ್ಪ" ಎಂದು ಕಿರಾಣಿ ಅಂಗಡಿಯವರು ಕಾಡುತ್ತಿದ್ದರು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಜಗಳ ಎಂದರೆ ಅವರಿಗೆ ಆಗದು. ಎರಡು ಜನ ದನಿ ಎತ್ತಿದರೆ ಸಾಕು, ಎದ್ದು ಬೇರೆ ಕಡೆ ಹೋಗಿಬಿಡುತ್ತಿದ್ದರು.

ಸೇರಿದ ಹೊಸತರಲ್ಲಿ ನಾನು ಮಾಡಿಕೊಂಡ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಹಿರಿಯೂರಿನಲ್ಲಿ ಒಂದು ಸಭೆಗೆ ಮೊದಲ ಸಲ ಒಬ್ಬನೇ ಹೋದಾಗ ಹಾರ್ನಿನ ಬಾಯನ್ನು ವೇದಿಕೆಯ ಕಡೆಗೇ ತಿರುಗಿಸಿ ಕಟ್ಟಿದ್ದೆ. ಭಾಷಣಕ್ಕೆ ನಿಂತವರು ಬಾಯಿ ತೆರೆದದ್ದೇ ತಡ, ಮೈಕು ಕುಯ್ಯೋ ಎಂದು ಕೂಗತೊಡಗಿತು. ಅವರು ಬಾಯಿ ಮುಚ್ಚಿದರೆ ಅದೂ ಸುಮ್ಮನೆ, ತೆರೆದರೆ ಅದೂ ಶುರು. ಎದುರು ಪಕ್ಷದವರ ಕಿತಾಪತಿ ಎಂದು ತಿಳಿದು ಅವರ ಕಡೆಯವರು ನನ್ನ ಅಂಗಿ ಹಿಡಿದುಕೊಂಡರು. ಮರ ಹತ್ತಿ ಹಾರ್ನ್ ತಿರುಗಿಸುವುದರೊಳಗೆ ಅರ್ಧ ಜನ ನಕ್ಕುಕೊಂಡು ಮನೆಗೆ ಹೋಗಿದ್ದರು. ಮಹಾರುದ್ರಪ್ಪನವರು ಬೈಯಲಿಲ್ಲ. "ತಿಪ್ಪೇಸಿ, ಮೈಕ್ ಮುಂದೆ ಹಾರ್ನ್ ಇರಬಾರ್ದು ಕಣಪ್ಪ. ತನ್ನ ದನಿ ತಾನೇ ಕೇಳ್ಕಂಡ್ರೆ ಅದಕ್ಕೆ ಹುಚ್ಚು ಹಿಡೀತೈತೆ" ಎಂದಷ್ಟೇ ಹೇಳಿದರು.

ಅವರದೊಂದು ಪದ್ಧತಿ ಇತ್ತು. ಜಿಲ್ಲೆಯ ಬೇರೆ ಯಾವ ಮೈಕಿನವರಲ್ಲೂ ನಾನು ಅದನ್ನು ಕಂಡಿಲ್ಲ. ಮದುವೆ ಮನೆಗೆ ಹೋದ ತಕ್ಷಣ ಹಾರ್ನ್ ಕಟ್ಟುವಂತಿಲ್ಲ. ಮೊದಲು ಆ ಬೀದಿಯಲ್ಲೂ ಹಿಂದಿನ ಬೀದಿಯಲ್ಲೂ ಒಂದು ಸಲ ನಡೆದು ಬರಬೇಕು. ಯಾರಿಗಾದರೂ ಕಾಯಿಲೆಯೇ, ಬಾಣಂತಿ ಇದ್ದಾಳೆಯೇ, ಸಾವು ಆಗಿದೆಯೇ ಎಂದು ಕೇಳಿಕೊಂಡು ಬರಬೇಕು. ಆಮೇಲೆ ಹಾರ್ನಿನ ಬಾಯಿ ಯಾವ ಕಡೆಗೆ ಎಂದು ತೀರ್ಮಾನ. ಹೊಳಲ್ಕೆರೆಯಲ್ಲಿ ಒಂದು ಸಲ ಹಾಗೆ ನಡೆದು ಬಂದವರು ಮದುವೆ ಮನೆಯ ಯಜಮಾನರಿಗೆ, "ಹಿಂದ್ಗಡೆ ಬೀದ್ಯಾಗೆ ನಿನ್ನೆ ಒಬ್ಬ ತಾಯಿ ಮಗನ್ನ ಕಳ್ಕಂಡವ್ಳೆ. ಇವತ್ತು ಹಾಡು ಮನೆ ಒಳಗಷ್ಟೇ" ಎಂದರು. ಯಜಮಾನರು ರೇಗಿದರು. ಊರಿಗೆಲ್ಲ ಕೇಳಲಿ ಎಂದೇ ಅಲ್ಲವೇ ಮೈಕ್ ಹಾಕಿಸುವುದು? ಇವರು ವಾದ ಮಾಡಲಿಲ್ಲ. ಹಾರ್ನನ್ನು ಮರಕ್ಕೆ ಏರಿಸದೆ ಚಪ್ಪರದ ಒಳಗೆ ಕಂಬಕ್ಕೆ ಕಟ್ಟಿ, ದನಿಯನ್ನು ಅರ್ಧಕ್ಕೆ ಇಳಿಸಿ, ಗುಂಡಿಯ ಮೇಲೆ ಕೈ ಇಟ್ಟುಕೊಂಡು ಇಡೀ ದಿನ ಕೂತಿದ್ದರು. ಪರರ ಮನೆಯ ದುಃಖಕ್ಕೆ ಅಷ್ಟು ಕಿವಿ ಇದ್ದ ಮನುಷ್ಯ. ಆದ್ದರಿಂದಲೇ ಮುಂದೆ ಆದದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಅವರಿಗೆ ಒಬ್ಬಳೇ ಮಗಳು, ಗಿರಿಜ. ತಾಯಿ ಹೋದದ್ದು ಅವಳ ಚಿಕ್ಕಂದಿನಲ್ಲಿ. ಮನೆ ಅಂಗಡಿಯ ಹಿಂದೆಯೇ ಇದ್ದುದರಿಂದ ಹುಡುಗಿ ಬೆಳೆದದ್ದು ಬ್ಯಾಟರಿ, ತಂತಿ, ರೆಕಾರ್ಡುಗಳ ನಡುವೆ. ಕೆಲಸ ಮುಗಿಸಿ ತಂದ ರೆಕಾರ್ಡುಗಳ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಇಡುವುದು ಅವಳ ಪಾಲಿನ ಕೆಲಸ. ಯಾವ ರೆಕಾರ್ಡಿನಲ್ಲಿ ಎಲ್ಲಿ ಗೀರು ಬಿದ್ದಿದೆ, ಎಲ್ಲಿ ಮುಳ್ಳು ಹಾರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮಾತಿನ ಮಲ್ಲಿ. ಬೇರೆಯವರ ನಡಿಗೆ, ಮಾತು, ಕೆಮ್ಮು ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದಳು. ಅವಳು ಬಾಯಿ ತೆರೆದರೆ ನಾವು ನಗಲು ತಯಾರಾಗಿಯೇ ಇರುತ್ತಿದ್ದೆವು.

ಆ ಇಂಗ್ಲಿಷ್ ರೆಕಾರ್ಡು ನಮ್ಮ ಅಂಗಡಿಗೆ ಬಂದದ್ದು ಬಬ್ಬೂರಿನಿಂದ. ಅಲ್ಲಿನ ಕೃಷಿ ಫಾರಮ್ಮಿನಲ್ಲಿದ್ದ ಒಬ್ಬ ಅಧಿಕಾರಿಗೆ ಉತ್ತರದ ಕಡೆಗೆ ವರ್ಗವಾಯಿತು. ಬೀಳ್ಕೊಡುಗೆ ಸಮಾರಂಭಕ್ಕೆ ನಮ್ಮದೇ ಮೈಕು. ಮುಗಿದ ಮೇಲೆ ಅವರು ಒಂದು ದೊಡ್ಡ ರೆಕಾರ್ಡನ್ನು ತಂದು, ದಾರಿಯಲ್ಲಿ ಒಡೆದುಹೋಗುತ್ತದೆ, ನಿಮ್ಮಲ್ಲೇ ಇರಲಿ ಎಂದು ಕೊಟ್ಟರು. ನಮ್ಮ ಪೆಟ್ಟಿಗೆಯಲ್ಲಿ ಇದ್ದವೆಲ್ಲ ಅಂಗೈ ಅಗಲದ ಸಣ್ಣ ರೆಕಾರ್ಡುಗಳು. ಇದು ಊಟದ ತಟ್ಟೆಯಷ್ಟು ದೊಡ್ಡದು. ಹೊದಿಕೆಯ ಮೇಲೆ ಕಡುನೀಲಿ ಬಣ್ಣದಲ್ಲಿ ಒಬ್ಬ ಹೆಂಗಸಿನ ಚಿತ್ರ. ಮೆಟ್ಟಿಲ ಮೇಲೆ ಕೂತು ಮುಖ ಆಚೆ ತಿರುಗಿಸಿದ್ದಾಳೆ. ನಾನು ಹತ್ತನೇ ತರಗತಿಯವರೆಗೆ ಓದಿದವನು, ಅಕ್ಷರ ಕೂಡಿಸಿ ಓದಿದೆ. ಹಾಡುಗಳ ಹೆಸರಿನ ಪಟ್ಟಿಯಲ್ಲಿ 'ಲವ್' ಎಂಬ ಮಾತು ಬೇಕಾದಷ್ಟು ಕಡೆ ಇತ್ತು. ಮದುವೆಗೆ ಇನ್ನೇನು ಬೇಕು?

ಈಗ ನಮ್ಮ ಪ್ಲೇಯರಿನ ವಿಷಯ ಹೇಳಬೇಕು. ಅದರಲ್ಲಿ ವೇಗ ಬದಲಿಸುವ ಗುಂಡಿ ಇತ್ತು. ನಿಧಾನದ ದೊಡ್ಡ ರೆಕಾರ್ಡುಗಳಿಗೆ ಮೂವತ್ಮೂರು, ಸಣ್ಣ ರೆಕಾರ್ಡುಗಳಿಗೆ ನಲವತ್ತೈದು. ಒಳಗಿನ ರಬ್ಬರ್ ಚಕ್ರ ಸವೆದು ಮೂವತ್ಮೂರಕ್ಕೆ ಇಟ್ಟರೆ ಜಾರುತ್ತಿತ್ತು. ಹೇಗಿದ್ದರೂ ನಮ್ಮಲ್ಲಿ ಆ ಬಗೆಯ ರೆಕಾರ್ಡು ಒಂದೂ ಇಲ್ಲವೆಂದು, ನಾನು ಸೇರುವ ಮೊದಲೇ ಯಾರೋ ಗುಂಡಿಯನ್ನು ನಲವತ್ತೈದರಲ್ಲಿ ನಿಲ್ಲಿಸಿ ತಂತಿ ಸುತ್ತಿ ಬಿಗಿದುಬಿಟ್ಟಿದ್ದರು. ಅದು ತಿರುಗುವ ಗುಂಡಿ ಎಂಬುದನ್ನೇ ನಾವು ಮರೆತಿದ್ದೆವು. ದೊಡ್ಡ ರೆಕಾರ್ಡನ್ನೂ ಹಾಗೇ ಹಾಕಿದೆವು.

ಎಂಥ ಹಾಡು ಬಂತು ಎನ್ನುತ್ತೀರಿ! ಪಿಯಾನೋ ಟಿಣಿಟಿಣಿ ಎಂದು ಓಡುತ್ತಿದೆ, ತುತ್ತೂರಿ ಕುಣಿಯುತ್ತಿದೆ, ಹದಿನಾರರ ಹುಡುಗಿಯೊಬ್ಬಳು ಉಸಿರು ಬಿಡದೆ ಚಿಲಿಪಿಲಿ ಹಾಡುತ್ತಿದ್ದಾಳೆ. ಕನ್ನಡದ ಹಾಡಾಗಿದ್ದರೆ ಮೊದಲ ಸಾಲಿಗೇ ಏನೋ ತಪ್ಪಿದೆ ಎಂದು ಗೊತ್ತಾಗುತ್ತಿತ್ತು. ಇಂಗ್ಲಿಷ್ ಹಾಡು ಹೀಗೇ ಇರುತ್ತದೆ ಎಂದುಕೊಂಡೆವು. ಆ ಜನ ಮಾತಾಡುವುದೇ ಹಾಗಲ್ಲವೇ, ಗಡಿಬಿಡಿಯಲ್ಲಿ!

ಮದುವೆಗಳಲ್ಲಿ ಯಾವ ಹೊತ್ತಿಗೆ ಯಾವ ಹಾಡು ಎಂಬುದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಬೆಳಿಗ್ಗೆ ದೇವರ ಹಾಡು. ಧಾರೆಯ ಹೊತ್ತಿಗೆ ರೆಕಾರ್ಡ್ ನಿಲ್ಲಿಸಿ ವಾಲಗದವರಿಗೆ ಬಿಡುವುದು. ಊಟದ ಹೊತ್ತಿಗೆ ಸಿನಿಮಾ ಹಾಡು. ಗಂಡಿನ ಕಡೆಯವರು ಬಸ್ಸಿನಿಂದ ಇಳಿದ ಮೇಲೆ ಕಾಲಿಗೆ ನೀರು ಕೊಟ್ಟು ಅವರನ್ನು ಎದುರುಗೊಳ್ಳುವಾಗ ಹಾಕಲು ಮಾತ್ರ ಸರಿಯಾದ ಹಾಡು ಇರಲಿಲ್ಲ. ಆ ಜಾಗಕ್ಕೆ ಈ ಇಂಗ್ಲಿಷ್ ಹಾಡು ಹೇಳಿ ಮಾಡಿಸಿದಂತೆ ಕೂತಿತು. ಮಕ್ಕಳು ಕುಣಿದವು. ಬೀಗರು ಮೀಸೆಯ ಮೇಲೆ ಕೈ ಇಟ್ಟುಕೊಂಡರು. ಕೆಲವೇ ತಿಂಗಳಲ್ಲಿ ಹೊಸದುರ್ಗ, ಹೊಳಲ್ಕೆರೆ ಕಡೆಯ ಜನ ಮುಹೂರ್ತ ಗೊತ್ತಾದ ಕೂಡಲೇ ಅಂಗಡಿಗೆ ಬಂದು, "ಆ ಬೀಗರ ಪ್ಲೇಟು ಐತಲ್ಲ, ಇಂಗ್ಲಿಷ್ ಹುಡ್ಗೀದು, ಅದನ್ನ ಮರೀದೆ ತರ್ರಿ" ಎಂದು ಹೇಳಿ ಹೋಗುವಂತಾಯಿತು. ಬೇರೆ ಮೈಕಿನವರಿಗೆ ಹೊಟ್ಟೆಕಿಚ್ಚು. ನಾನಂತೂ ಆ ರೆಕಾರ್ಡನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತುತ್ತಿದ್ದೆ.

ಗಿರಿಜಳ ಮದುವೆಯಲ್ಲೂ ಅದೇ ಹಾಡು. ಹೊಸದುರ್ಗದ ಹತ್ತಿರದ ಬಾಗೂರಿನ ಸಂಬಂಧ. ಗಂಡಿನ ತಂದೆ ಸಿದ್ರಾಮಪ್ಪನವರು ಜಮೀನುದಾರರು, ನಾಲ್ಕು ಜನ ಮಾತು ಕೇಳುವಂಥವರು. ಮಗ ಮಲ್ಲೇಶಪ್ಪ ನೋಡಲು ಲಕ್ಷಣವಾಗಿದ್ದ, ಮಾತು ಕಡಿಮೆ. ಬಸ್ಸು ಬಂದು ನಿಂತಾಗ ನಾನು ಮುಳ್ಳು ಇಟ್ಟೆ. ಸಿದ್ರಾಮಪ್ಪನವರು ಇಳಿದು, ರುಮಾಲು ಸರಿಮಾಡಿಕೊಂಡು, "ಬಲು ಚಂದ ಐತೆ, ಇನ್ನೊಂದ್ಸಲ ಹಾಕಪ್ಪ" ಎಂದರು. ಹಾಕಿದೆ. ಮಹಾರುದ್ರಪ್ಪನವರು ಅವತ್ತು ಪಟ್ಟ ಸಂತೋಷವನ್ನು ನಾನು ಮತ್ತೆ ಅವರ ಮುಖದಲ್ಲಿ ನೋಡಲಿಲ್ಲ.

ಪಂಚಮಿ ಹಬ್ಬಕ್ಕೆ ಗಿರಿಜ ತವರಿಗೆ ಬಂದಳು. ನಡುಮನೆಯಲ್ಲಿ ಉಂಡೆ ತಿನ್ನುತ್ತ ಕೂತಿದ್ದೆವು. ಗಂಡನ ಮನೆಯ ಸುದ್ದಿ ಹೇಳು ಎಂದದ್ದೇ ತಡ, ಎದ್ದು ನಿಂತು ಅತ್ತೆ ನಡೆಯುವುದನ್ನು ತೋರಿಸಿದಳು. ಗಂಡ ತಟ್ಟೆ ಬಿಸಾಡುವುದನ್ನು ತೋರಿಸಿದಳು. "ಅಪ್ಪಾ, ಅವರು ಕೈ ಎತ್ತಿದ್ರೆ ನೀವು ಹಾರ್ನ್ ಕಟ್ಟೋ ತೆಂಗಿನ ಮರದಷ್ಟು ಮೇಲಕ್ಕೆ ಹೋಗ್ತೈತೆ. ಇಳಿಯೋದ್ರೊಳಗೆ ನಾನು ಬಚ್ಲಿಗೆ ಓಡಿ ಬಾಗ್ಲು ಹಾಕ್ಕಂತೀನಿ!" ಎಂದಳು. ಮಹಾರುದ್ರಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಹೊರಡುವಾಗ, "ಅಲ್ಲಿ ಇರಕ್ಕಾಗಲ್ಲ ಕಣಪ್ಪ" ಎಂದಳು. ಅದನ್ನೂ ಅವಳ ಎಂದಿನ ಧಾಟಿ ಎಂದೇ ತಿಳಿದರು. ಅವತ್ತು ಅವಳು ಹೇಳಿದ್ದರಲ್ಲಿ ಒಂದು ಮಾತೂ ಕಟ್ಟಿದ್ದಾಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಒಂದು ಟ್ರಂಕು ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದು ಬಂದಳು. ಈ ಸಲ ಅಣಕ ಇರಲಿಲ್ಲ, ಮಾತೂ ಹೆಚ್ಚಿರಲಿಲ್ಲ. ಮತ್ತೆ ಹೋಗುವುದಿಲ್ಲ ಎಂದಷ್ಟೇ ಹೇಳಿದಳು. ಮಹಾರುದ್ರಪ್ಪನವರು ಎಂದಿನಂತೆ ದನಿ ತಗ್ಗಿಸಿ, "ಹೊಂದ್ಕಂಡು ಹೋಗ್ಬೇಕು ಕಣವ್ವ. ನಾಕು ದಿನ ಇರು, ಸಿಟ್ಟು ಇಳೀತೈತೆ" ಎಂದರು. ಅವಳು ಏನೋ ಹೇಳಲು ಹೋದಳು. ಅವರು ಎದ್ದು ಅಂಗಡಿಗೆ ಬಂದುಬಿಟ್ಟರು. ಹೊಸದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ, ಸೋಮವಾರ ಬಂದು ಕರೆದುಕೊಂಡು ಹೋಗಿ ಎಂದು ಬೀಗರಿಗೆ ಹೇಳಿ ಕಳಿಸಿದರು. ಅವಳನ್ನು ಕೇಳಲಿಲ್ಲ.

ಅದೇ ವಾರ ಬೆಂಗಳೂರಿನಿಂದ ಹೊಸ ಪ್ಲೇಯರ್ ಬಂದಿತ್ತು. ಮಹಾರುದ್ರಪ್ಪನವರು ಹೊಸದುರ್ಗದ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತು, ನಾನು ಅಂಗಡಿಯಲ್ಲಿ ಒಂದು ತಂತಿಗೆ ಬೆಸುಗೆ ಹಾಕುತ್ತ ಕೂತಿದ್ದೆ. ಗಿರಿಜ ಬಂದು ಹಳೆಯ ಅಭ್ಯಾಸದಂತೆ ರೆಕಾರ್ಡುಗಳನ್ನು ಒರೆಸತೊಡಗಿದಳು. ದೊಡ್ಡ ರೆಕಾರ್ಡನ್ನು ಕೈಗೆತ್ತಿಕೊಂಡು ನಡುವಿನ ಕಾಗದವನ್ನು ನೋಡಿದಳು.

"ತಿಪ್ಪಣ್ಣ, ಇದರ ಮ್ಯಾಲೆ ಮೂವತ್ಮೂರು ಅಂತ ಬರ್ದೈತಲ್ಲ?"

"ಅದು ರೆಕಾರ್ಡಿನ ನಂಬರಿರ್ಬೇಕು ಬಿಡವ್ವ" ಎಂದೆ.

"ಈ ಗುಂಡಿ ಮ್ಯಾಲೂ ಅದೇ ಐತೆ" ಎಂದು ಹೊಸ ಪ್ಲೇಯರಿನ ಗುಂಡಿಯನ್ನು ತಿರುಗಿಸಿ ಮುಳ್ಳು ಇಟ್ಟಳು.

ನಾನು ಬೆಸುಗೆ ಕಡ್ಡಿ ಕೆಳಗಿಟ್ಟೆ. ಚಿಲಿಪಿಲಿ ಹುಡುಗಿ ಎಲ್ಲೂ ಇರಲಿಲ್ಲ. ನಲವತ್ತು ದಾಟಿದ ಹೆಂಗಸಿನ ದನಿ, ತಗ್ಗಿನಿಂದ ಬರುವ ದನಿ. ಒಂದು ಮಾತು ಹೇಳಿ ನಿಲ್ಲುತ್ತಾಳೆ, ಇನ್ನೊಂದು ಹೇಳಲೋ ಬೇಡವೋ ಎಂಬಂತೆ. ಆ ಸಂದಿನಲ್ಲಿ ಪಿಯಾನೋದ ಒಂದೊಂದೇ ಮನೆ ಮುಟ್ಟಿದ ಸದ್ದು. ಹಿಂದೆ ಅಂಗಳ ಗುಡಿಸುವಂತೆ ಡ್ರಮ್ಮಿನ ಮೇಲೆ ಯಾರೋ ಮೆಲ್ಲಗೆ ಸವರುತ್ತಿದ್ದಾರೆ. ಕುಣಿಯುತ್ತಿದ್ದ ತುತ್ತೂರಿ ಈಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಿಕ್ಕುತ್ತಿದೆ. ಇದಕ್ಕೆ ಜಾಝ್ ಎನ್ನುತ್ತಾರೆ, ಆಕೆ ಒಂದು ಕಾಲಕ್ಕೆ ಅವರ ನಾಡಿನಲ್ಲಿ ಮನೆಮಾತಾಗಿದ್ದ ಗಾಯಕಿ, ಆ ರೆಕಾರ್ಡಿನಲ್ಲಿರುವುದೆಲ್ಲ ಬಿಟ್ಟುಹೋದವರನ್ನು ನೆನೆದು ಹಾಡಿದ ಹಾಡುಗಳು ಎಂದೆಲ್ಲ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಅವತ್ತು ಏನೂ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ. ಹೆಂಗಸೊಬ್ಬಳು ಅಳುತ್ತಿದ್ದಾಳೆ ಎಂದು ಅರ್ಥವಾಗಲು ಇಂಗ್ಲಿಷ್ ಬೇಕಿಲ್ಲ.

ಒಂದು ಮಗ್ಗುಲು ಮುಗಿಯುವವರೆಗೂ ಗಿರಿಜ ಅಲ್ಲಾಡಲಿಲ್ಲ. ಆಮೇಲೆ ಹೇಳಿದಳು: "ಇಷ್ಟು ದಿನ ಈಯಮ್ಮನ್ನ ಓಡ್ಸಿದ್ವಲ್ಲ ತಿಪ್ಪಣ್ಣ. ಆಕಿ ಅಳ್ತಿದ್ಲು, ನಾವು ಕುಣಿದ್ವಿ."

ನನ್ನ ಕಣ್ಣಿಗೆ ಇನ್ನೊಂದು ಸಂಗತಿ ಬಿದ್ದಿತ್ತು. ಹಾಡು ಕೇಳುವಾಗ ಅವಳು ಹೊಸ ಪ್ಲೇಯರಿನ ಸ್ಪೀಕರಿಗೆ ಎದುರಾಗಿ ಕೂತಿರಲಿಲ್ಲ. ಕತ್ತು ತಿರುಗಿಸಿ ಬಲಗಿವಿಯನ್ನು ಅದರ ಬಾಯಿಗೆ ಒಡ್ಡಿದ್ದಳು. ಯಾಕವ್ವ ಹಂಗೆ ಕೂತ್ಕಂಡಿದ್ದೀಯ ಎಂದು ಕೇಳಿದೆ.

"ಎಡಗಿವಿ ಕೇಳಲ್ಲ" ಎಂದಳು, ಸೊಪ್ಪಿಗೆ ಉಪ್ಪಿಲ್ಲ ಎಂದಷ್ಟೇ ಸಹಜವಾಗಿ. "ದೀಪಾವಳಿ ಆದ್ಮ್ಯಾಲೆ ಅವರು ಹೊಡೆದ್ರು. ಬಚ್ಲಿಗೆ ಓಡಕ್ಕಾಗ್ಲಿಲ್ಲ. ಮೊದ್ಲು ಗುಂಯ್ ಅಂತಿತ್ತು. ಆಮ್ಯಾಲೆ ಅದೂ ನಿಂತೋತು."

"ಅಪ್ಪಾರಿಗೆ ಹೇಳಿದ್ಯಾ?"

"ಸಂಕ್ರಾಂತಿಗೆ ಬಾಗೂರಿಗೆ ಬಂದಿದ್ರಲ್ಲ, ಆಗ ಹೇಳ್ದೆ. ಗುಗ್ಗೆ ಕೂತಿರ್ಬೇಕು, ಎಣ್ಣೆ ಬಿಡ್ಸು ಅಂದ್ರು."

ಯಜಮಾನರಿಗೆ ನಾನು ಹೇಳುತ್ತೇನೆ ಎಂದೆ. ಅವಳು ಬೇಡವೆಂದಳು. "ನೀನು ಹೇಳಿದ್ರೆ ನಿನ್ನ ಮಾತು ಕೇಳಿದಂಗಾಗ್ತೈತೆ. ನನ್ ಮಾತು ಕೇಳ್ಬೇಕು ಅವರು" ಎಂದಳು.

ಸೋಮವಾರ ಸಿದ್ರಾಮಪ್ಪನವರೂ ಮಲ್ಲೇಶಪ್ಪನೂ ಬಂದರು. "ಬರ್ರಿ ಬೀಗರೇ, ಕುಂತ್ಕಳ್ರಿ" ಎಂದು ಮಹಾರುದ್ರಪ್ಪನವರು ಅಂಗಡಿಯ ಬೆಂಚಿನ ಮೇಲೆ ತಾವೇ ಚಾಪೆ ಹಾಸಿದರು. ನೀರು, ಬೆಲ್ಲ, ಕಾಫಿ ಆಯಿತು. ಕಡಲೆ ಬೆಳೆ, ನೀರಿನ ಮಟ್ಟ, ಮಠದ ಸುದ್ದಿ ಮಾತಾಡಿದರು. ಬಂದ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತದೆಯೇ ಮುಗಿಯಲಿ ಎಂಬುದು ಇಬ್ಬರು ಹಿರಿಯರ ಆಸೆಯೂ ಆಗಿತ್ತು. ಕೊನೆಗೆ ಸಿದ್ರಾಮಪ್ಪನವರು, "ಬಸ್ಸಿನ ಹೊತ್ತಾತು, ಹೋಗಾಣ" ಎಂದರು. ಮಹಾರುದ್ರಪ್ಪನವರು ಒಳಗೆ ತಿರುಗಿ, "ಗಿರಿಜಾ, ಬಾರವ್ವ" ಎಂದು ಕರೆದರು. ನಾನು ಮೂಲೆಯಲ್ಲಿ ನಿಂತಿದ್ದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವಳು ಆ ಬಸ್ಸಿನಲ್ಲಿ ಇರುತ್ತಾಳೆ, ಆಮೇಲೆ ಬಲಗಿವಿಯೂ ಉಳಿಯುತ್ತದೋ ಇಲ್ಲವೋ ಎಂದೇ ಯೋಚಿಸುತ್ತಿದ್ದೆ.

ಅವಳು ಬಂದಳು. ಕೈಯಲ್ಲಿ ಟ್ರಂಕು ಇರಲಿಲ್ಲ. ನೇರವಾಗಿ ಪ್ಲೇಯರಿನ ಹತ್ತಿರ ಹೋಗಿ ದೊಡ್ಡ ರೆಕಾರ್ಡನ್ನು ಇಟ್ಟು ಗುಂಡಿ ತಿರುಗಿಸಿದಳು. ದನಿ ಸಣ್ಣಗೆ ಇಟ್ಟಿದ್ದಳು. ಆ ಹೆಂಗಸಿನ ಹಾಡು ಅಂಗಡಿಯಲ್ಲಿ ತುಂಬಿಕೊಂಡಿತು.

ಸಿದ್ರಾಮಪ್ಪನವರು ಮುಖ ಕಿವುಚಿಕೊಂಡರು. "ಏನವ್ವ ಇದು, ಹೊರಡೋ ಹೊತ್ನಾಗೆ? ಸತ್ತ ಮನೆ ಹಾಡಿದ್ದಂಗೈತೆ."

"ಮಾವಾರೆ, ಮದುವಿ ದಿನ ನೀವು ಬಸ್ ಇಳಿಯುವಾಗ ಹಾಕಿದ್ದು ಇದೇ ಹಾಡು. ಚಂದ ಐತೆ ಅಂತ ಇನ್ನೊಂದ್ಸಲ ಹಾಕ್ಸಿದ್ರಿ."

"ಎಲ್ಲೀದು, ಅದು ಕುಣಿಯಂಗಿತ್ತು!"

ಅವಳು ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿದಳು. ಚಿಲಿಪಿಲಿ ಹುಡುಗಿ ಬಂದಳು. ಸಿದ್ರಾಮಪ್ಪನವರ ಹುಬ್ಬು ಮೇಲೇರಿತು. ಅವಳು ಮತ್ತೆ ಮೂವತ್ಮೂರಕ್ಕೆ ತಿರುಗಿಸಿದಳು. ಹುಡುಗಿ ಹೋಗಿ ಹೆಂಗಸು ಬಂದಳು.

"ಎರಡೂ ಒಂದೇ ಪ್ಲೇಟು" ಎಂದಳು. "ಅಳಾದನ್ನ ನಾವು ಓಡ್ಸಿ ಓಡ್ಸಿ ನಗಾದು ಮಾಡಿದ್ವಿ. ನಾನು ಪಂಚಮ್ಯಾಗೆ ಹೇಳಿದ್ದೂ ಇಂಥದ್ದೇ."

ಮಹಾರುದ್ರಪ್ಪನವರು ಎದ್ದು ನಿಂತಿದ್ದರು. ಆ ಹಾಡನ್ನು ಅದರ ನಿಜವಾದ ನಡೆಯಲ್ಲಿ ಅವರು ಕೇಳಿದ್ದು ಅದೇ ಮೊದಲು. ಅವಳ ಎಡಗಡೆ ಎರಡು ಹೆಜ್ಜೆ ದೂರದಲ್ಲಿ ನಿಂತು, ತಮ್ಮ ಎಂದಿನ ಮೆತ್ತನೆಯ ದನಿಯಲ್ಲಿ "ಗಿರಿಜಾ" ಎಂದರು. ಅವಳು ತಿರುಗಲಿಲ್ಲ. ನಾನು ದೂರದ ಮೂಲೆಯಲ್ಲಿದ್ದೆ, ನನಗೆ ಕೇಳಿಸಿತು. ಸಿದ್ರಾಮಪ್ಪನವರಿಗೆ ಕೇಳಿಸಿತು. ಮತ್ತೆ "ಗಿರಿಜಾ" ಎಂದರು. ಅವಳು ರೆಕಾರ್ಡು ತಿರುಗುವುದನ್ನೇ ನೋಡುತ್ತಿದ್ದಳು. ಎಷ್ಟೋ ಊರುಗಳ ಬೀದಿಯಲ್ಲಿ ನಡೆದು, ಯಾರ ಮನೆಯಲ್ಲಿ ಏನು ನೋವಿದೆ ಎಂದು ಕೇಳಿಕೊಂಡು ಬರುತ್ತಿದ್ದ ಆ ಮನುಷ್ಯನ ಮುಖ ಅವತ್ತು ಹೇಗಾಯಿತು ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ. ಅವರು ಅವಳ ಬೆನ್ನ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದರು.

"ಗಿರಿಜಾ."

ಅವಳು ತಿರುಗಿದಳು.

"ಎಷ್ಟು ದಿನ ಆತು?"

"ದೀಪಾವಳಿಯಿಂದ. ಹೇಳಿದ್ನಲ್ಲಪ್ಪ."

ಮಲ್ಲೇಶಪ್ಪ ಎದ್ದು ಬೀದಿಗೆ ಇಳಿದ. ಸಿದ್ರಾಮಪ್ಪನವರು ಕೆಮ್ಮಿದರು. "ಗಂಡ ಹೆಂಡ್ತಿ ಅಂದ್ಮ್ಯಾಲೆ ಒಂದ್ಮಾತು ಬರ್ತೈತೆ, ಹೋಗ್ತೈತೆ ಬೀಗರೇ. ಅದನ್ನೇ ಹಿಡ್ಕಂಡು ಕುಂತ್ರೆ..."

"ಮಾತು ಹೋದ್ರೆ ಹೋಗ್ಲಿ ಬೀಗರೇ" ಎಂದರು ಮಹಾರುದ್ರಪ್ಪನವರು. "ಕಿವಿ ಹೋಗೈತೆ." ದನಿ ಎತ್ತಲಿಲ್ಲ. "ಬಿಸಿಲಾಗೆ ಬಂದೀರಿ, ಊಟ ಮಾಡ್ಕಂಡು ಹೋಗ್ರಿ. ಮಗಳು ಬರಾದಿಲ್ಲ."

ಅವರು ಊಟ ಮಾಡಲಿಲ್ಲ. ಆಮೇಲೆ ಏನೆಲ್ಲ ಆಯಿತು ಎಂಬುದನ್ನು ಉದ್ದ ಎಳೆಯುವುದಿಲ್ಲ. ಹಿರಿಯರು ಸೇರಿದರು, ಬುದ್ಧಿ ಹೇಳಿದರು, ಮಠದವರೆಗೂ ಮಾತು ಹೋಯಿತು. ಎಲ್ಲ ಕಡೆಯೂ ಇವರು ಅದೇ ಮೆತ್ತನೆಯ ದನಿಯಲ್ಲಿ ಅದೇ ಉತ್ತರ ಕೊಟ್ಟರು. ಜಗಳ ಕಂಡರೆ ಎದ್ದು ಹೋಗುತ್ತಿದ್ದವರು ಯಾವ ಪಂಚಾಯ್ತಿಯಿಂದಲೂ ಎದ್ದು ಹೋಗಲಿಲ್ಲ. ಪೇಟೆಯ ಕೆಲವರು ಮದುವೆಗೆ ನಮ್ಮ ಮೈಕು ಬೇಡವೆಂದರು, ಮಗಳನ್ನು ಮನೆಯಲ್ಲಿಟ್ಟುಕೊಂಡವನ ಮೈಕು ಶುಭಕ್ಕೆ ಆಗದು ಎಂದು. ದೊಡ್ಡಾಸ್ಪತ್ರೆಯಲ್ಲಿ ಕಿವಿಯನ್ನು ತೋರಿಸಿದೆವು. ಒಳಗಿನ ತಮಟೆ ಹರಿದು ಕೀವಾಗಿ ಒಣಗಿದೆ, ಇನ್ನು ಬರುವುದಿಲ್ಲ ಎಂದರು. ಆ ಸಂಜೆ ಮಹಾರುದ್ರಪ್ಪನವರು ಚಂದ್ರವಳ್ಳಿಯ ಕಡೆಗೆ ಒಬ್ಬರೇ ನಡೆದು ಹೋಗಿ, ಕತ್ತಲಾಗುವ ಮುನ್ನ ಬಂದರು. ಅತ್ತಿದ್ದರು ಎಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಗಿರಿಜ ಅಂಗಡಿಯಲ್ಲಿ ಕೂರಲು ಶುರುಮಾಡಿದಳು. ಹೆಣ್ಣುಮಗಳು ಮೈಕ್ ಅಂಗಡಿಯಲ್ಲಿ ಕೂತದ್ದನ್ನು ನೋಡಲೆಂದೇ ಕೆಲವರು ಬಂದು ಹೋದರು. ನಿಧಾನಕ್ಕೆ ಅದೂ ಅಭ್ಯಾಸವಾಯಿತು. ಟೇಪ್ ರೆಕಾರ್ಡರ್ ಬಂತು, ಕ್ಯಾಸೆಟ್ ಬಂತು, ನಮ್ಮ ಹಾರ್ನುಗಳಿಗೆ ತುಕ್ಕು ಹಿಡಿಯಿತು. ಯಾವ ಯಂತ್ರ ಬಂದರೂ ಅವಳು ಮೊದಲು ನೋಡುತ್ತಿದ್ದದ್ದು ವೇಗದ ಗುಂಡಿಯನ್ನು. ಹಳೆಯ ಪದ್ಧತಿಯಂತೆ ಬೀದಿ ಸುತ್ತಿ ಬಂದೆಯಾ ಎಂದು ನನ್ನನ್ನು ಕೇಳುವುದನ್ನೂ ಅವಳು ಬಿಡಲಿಲ್ಲ.

ಆ ರೆಕಾರ್ಡನ್ನು ಕೇಳಿಕೊಂಡು ಹೊಳಲ್ಕೆರೆಯವರು ಮತ್ತೆ ಬಂದಿದ್ದರು. ಮೊಮ್ಮಗಳ ಮದುವೆ, ಬೀಗರನ್ನು ಎದುರುಗೊಳ್ಳಲು ಅದೇ ಬೇಕು ಎಂದು ಹಟ ಹಿಡಿದರು. ಗಿರಾಕಿಗೆ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮಹಾರುದ್ರಪ್ಪನವರು, "ಆ ಪ್ಲೇಟು ಒಡೆದೋತು ಸ್ವಾಮಿ" ಎಂದುಬಿಟ್ಟರು. ಅದು ಅವರ ತಲೆಯ ಮೇಲಿನ ಹಲಗೆಯಲ್ಲೇ ಇತ್ತು, ನೀಲಿ ಹೊದಿಕೆ ಎದ್ದು ಕಾಣುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

ಈ ಕಸುಬಿಗೆ ಬರುವವರಿಗೆ ಮಹಾರುದ್ರಪ್ಪನವರ ವಿಷಯದಲ್ಲಿ ಹೇಳಬೇಕಾದ ಇನ್ನೊಂದೇ ಸಂಗತಿ ಉಳಿದಿದೆ. ನಮ್ಮ ಅಂಗಡಿ ಇಕ್ಕಟ್ಟಾದದ್ದು. ಗಿರಿಜ ಕೂರುತ್ತಿದ್ದ ಕುರ್ಚಿಯ ಎಡಗಡೆಗೆ ಮನೆಗೆ ಹೋಗುವ ಬಾಗಿಲು, ಬಲಗಡೆಗೆ ಗೋಡೆಯ ತನಕ ಬ್ಯಾಟರಿಗಳು, ತಂತಿಯ ಸುರುಳಿಗಳು. ಕುರ್ಚಿಯನ್ನು ತಿರುಗಿಸಿ ಹಾಕೋಣವೆಂದರೆ ಬೀದಿಗೆ ಬೆನ್ನಾಗುತ್ತಿತ್ತು. ಮಗಳಿಗೆ ಒಂದು ಮಾತು ಹೇಳಬೇಕಾದರೂ ಅವರು ಬಾಗಿಲಲ್ಲೇ ನಿಂತು ಕೂಗಿ ಹೇಳಬಹುದಿತ್ತು. ಹಾಗೆ ಮಾಡಿದ್ದನ್ನು ನಾನು ನೋಡಲಿಲ್ಲ. ವಯಸ್ಸಾಗಿ ಕಾಲು ನಡುಗುವ ಕಾಲದಲ್ಲೂ, ಪಂಚೆ ಎತ್ತಿ ಹಿಡಿದು ಒಂದೊಂದೇ ಬ್ಯಾಟರಿ ದಾಟಿ, ತಂತಿ ತುಳಿಯದಂತೆ ನೋಡಿಕೊಂಡು, ಅವಳ ಬಲಗಡೆಗೆ ಹೋಗಿ ನಿಂತು, ಆಮೇಲೆ ಮೆಲ್ಲಗೆ ಬಾಯಿ ತೆರೆಯುತ್ತಿದ್ದರು. ಊಟಕ್ಕೆ ಬಾ ಎನ್ನುವುದಕ್ಕೂ ಅಷ್ಟು ದೂರ ನಡೆದು ಹೋಗುತ್ತಿದ್ದರು.